ನೇಪಾಳದ ಅನ್ನಪೂರ್ಣ ಪರ್ವತ ಪ್ರದಕ್ಷಿಣೆಯ ದಾರಿಯ ಜನರ ಚಿತ್ರಗಳು: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಅಕ್ಟೋಬರಿನಲ್ಲಿ ಮನಾಂಗ್ ಮಾರ್ಗವಾಗಿ ಥೊರಾಂಗ್ ಲಾ ಎಂಬ ಎತ್ತರದ ಕಣಿವೆದಾರಿ ದಾಟಿ ಯಾತ್ರಾಸ್ಥಳವಾದ ಮುಕ್ತಿನಾಥಕ್ಕೆ ನಡೆಯಲಿದ್ದೇನೆ. ಶಿಖರಗಳಿಗಿಂತ ದಾರಿಯಲ್ಲಿ ಸಿಗುವ ಜನರ ಚಿತ್ರ ತೆಗೆಯುವ ಆಸೆ. ಯಾವ ಕ್ಯಾಮೆರಾ ಒಯ್ಯಲಿ? ಅವರನ್ನು ಹೇಗೆ ಮಾತನಾಡಿಸಲಿ?

ಧಾರವಾಡದಿಂದ: ನಾನು ಒಯ್ದದ್ದು ದೂರದವರನ್ನು ಹತ್ತಿರಕ್ಕೆ ತರುವ 70-200 ಲೆನ್ಸ್. ಬಾಡಿಗೆ 9,000 ರೂಪಾಯಿ, ಠೇವಣಿ ಬೇರೆ. ಮನಾಂಗ್ ದಾಟಿದ ಮೇಲೆ ಚಳಿಗೆ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದುದರಿಂದ ರಾತ್ರಿ ಅವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕಾಯಿತು. ಚಾರ್ಜ್ ಮಾಡಿಸಲು ಲಾಡ್ಜಿನವರು ಗಂಟೆಯ ಲೆಕ್ಕದಲ್ಲಿ ಹಣ ಪಡೆದರು. ಹೊರಗಿನ ಚಳಿಯಿಂದ ನೇರವಾಗಿ ಒಲೆಯಿದ್ದ ಊಟದ ಕೋಣೆಗೆ ಬಂದಾಗ ಲೆನ್ಸಿನೊಳಗೆ ಮಂಜು ಕಟ್ಟಿತು. ಅದನ್ನು ಶುಚಿ ಮಾಡಿಸಲು 4,200 ರೂಪಾಯಿ ತೆತ್ತೆ. ಆದರೂ ಹೊರೆ ಹೊರುವ ನಾಮ್ಲೊ ಪಟ್ಟಿಯನ್ನು ಹಣೆಗೆ ಬಿಗಿದು ಏರುತ್ತಿದ್ದ ಹಮಾಲರ ಮುಖದ ಸಹಜ ಭಾವ ದೂರದ ಲೆನ್ಸಿಗಲ್ಲದೆ ಬೇರೆ ಯಾವುದಕ್ಕೂ ಸಿಗುವುದಿಲ್ಲ.

ಮೈಸೂರಿನಿಂದ: ಕೇಳದೆ ತೆಗೆದದ್ದಕ್ಕೆ ಸಹಜವೆಂಬ ಹೆಸರು ಬೇಡ. ‘ಫೋಟೋ ಖಿಚ್ನ ಹುನ್ಛ?’ ಎಂದು ನೇಪಾಳಿಯಲ್ಲಿ ಕೇಳಲು ಎಷ್ಟು ಹೊತ್ತು ಬೇಕು? ನಾನು ತಕ್ಷಣ ಚಿತ್ರ ಮುದ್ರಿಸಿಕೊಡುವ ಕ್ಯಾಮೆರಾ ಒಯ್ದಿದ್ದೆ. ಒಂದು ಹಾಳೆಗೆ ಸುಮಾರು 60 ರೂಪಾಯಿ ಬಿತ್ತು. ಕಣಿವೆದಾರಿಯ ಬುಡದಲ್ಲಿರುವ ಥೊರಾಂಗ್ ಫೇದಿಯ ಚಳಿಯಲ್ಲಿ ಚಿತ್ರಗಳು ನೀಲಿಗಟ್ಟಿ ಮಸುಕಾದವು. ಹಾಳೆಯನ್ನು ಕೂಡಲೇ ಜಾಕೆಟ್ಟಿನೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡರೆ ಮಾತ್ರ ಬಣ್ಣ ಕೂಡುತ್ತದೆ. ಕೆಟ್ಟ ಹಾಳೆಗಳಿಗೆ ಸುರಿದ ಹಣ ನೆನೆದರೆ ಈಗಲೂ ಸಂಕಟವಾಗುತ್ತದೆ, ಆದರೆ ನನ್ನ ಮುಂದೆ ನಿಂತವರು ತಾವಾಗಿಯೇ ನಿಂತವರು.

ಬೆಂಗಳೂರಿನಿಂದ: ಹಾಳೆ ಹಂಚುವವರು ಹೋದ ಹಾದಿಯಲ್ಲಿ ಹಿಂದೆ ಬರುವವರ ಪಾಡು ಇವರಿಗೆ ತಿಳಿಯದು. ಒಂದು ಹಳ್ಳಿಯಲ್ಲಿ ಮಕ್ಕಳು ನನ್ನನ್ನು ಸುತ್ತುವರಿದು, ಚಿತ್ರ ಕೊಡದಿದ್ದರೆ ಹಣವನ್ನಾದರೂ ಕೊಡಿರೆಂದು ಪಟ್ಟು ಹಿಡಿದರು. ಇನ್ನು ಹಮಾಲರ ಮುಖಭಾವವನ್ನು ಹೊಗಳುವವರು ಮೊದಲು ಅವರ ಕಾಲಿನ ಬೂಟುಗಳನ್ನು ನೋಡಲಿ. 2014ರ ಅಕ್ಟೋಬರಿನ ಹಿಮಪಾತದಲ್ಲಿ ಅನ್ನಪೂರ್ಣ ಮತ್ತು ಧವಳಗಿರಿಯ ಸುತ್ತ 40ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಚಾರಣಿಗರಷ್ಟೇ ಅಲ್ಲ, ಮಾರ್ಗದರ್ಶಿಗಳೂ ಹೊರೆಯಾಳುಗಳೂ ಇದ್ದರು. ನಾನು ನಮ್ಮ ಹೊರೆಯಾಳಿಗೆ ಕಾಠ್ಮಂಡುವಿನಲ್ಲೇ ಜಾಕೆಟ್ ಕೊಡಿಸಿ, ವಿಮೆಯ ಕಾಗದ ನೋಡಿದ ಮೇಲೆಯೇ ಹೊರಟೆ. ಫೋನಿನಲ್ಲಿ ತೆಗೆದ ಚಿತ್ರಗಳನ್ನು ಅವರ ಫೋನಿಗೇ ಕಳುಹಿಸಿದೆ. ಅದಕ್ಕೆ ಖರ್ಚೇ ಇಲ್ಲ.

ಧಾರವಾಡದಿಂದ: ನಮ್ಮ ಹೊರೆಯಾಳಿನ ಬೂಟಿನ ವಿಚಾರ ತಮಗೆ ಯಾರು ಹೇಳಿದರು? ಹೊರೆಯನ್ನು ನಾನೇ ತೂಗಿ ಕೊಟ್ಟಿದ್ದೆ. ಲೆನ್ಸ್ ನನ್ನ ಹೆಗಲ ಮೇಲೆಯೇ ಇತ್ತು.

ಉಡುಪಿಯಿಂದ: ನಿಮ್ಮ ಜಗಳದಲ್ಲಿ ಮುಕ್ತಿನಾಥವನ್ನು ಎಲ್ಲರೂ ಮರೆತಿದ್ದೀರಿ. ಅಲ್ಲಿಗೆ ಜೋಮ್‌ಸೋಮ್ ಕಡೆಯಿಂದ ಜೀಪಿನಲ್ಲಿ ಬರುವವರಲ್ಲಿ ನಮ್ಮವರೂ ಇರುತ್ತಾರೆ. 5,416 ಮೀಟರ್ ಎತ್ತರದ ಥೊರಾಂಗ್ ಲಾ ದಾಟಿ ಬಂದವರಿಗೆ ಕನ್ನಡ ಕಿವಿಗೆ ಬಿದ್ದೊಡನೆ ಸಲಿಗೆ ಉಕ್ಕಿ ಕ್ಯಾಮೆರಾ ಮೇಲೇಳುತ್ತದೆ. ದೇವಸ್ಥಾನದ 108 ನೀರಿನ ಧಾರೆಗಳ ಕೆಳಗೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ನಮ್ಮ ಅತ್ತೆಯವರ ಚಿತ್ರವನ್ನು ಚಾರಣಿಗನೊಬ್ಬ ಹೀಗೆಯೇ ತೆಗೆದ. ಅಳಿಸೆಂದರೆ, ಇದು ಸಾರ್ವಜನಿಕ ಸ್ಥಳವೆಂದು ವಾದಿಸಿದ.

ಬೆಂಗಳೂರಿನಿಂದ: ಆತ ಹೇಳಿದ್ದರಲ್ಲಿ ತಪ್ಪೇನಿದೆ?

ಮೈಸೂರಿನಿಂದ: ಬೂಟಿನ ಪಾಠ ಹೇಳಿದವರೇ ಈಗ ಈ ಮಾತು ಆಡುತ್ತೀರಾ? ಹಾಗಾದರೆ ನಿಮ್ಮ ಮನೆಯವರು ಸ್ನಾನಕ್ಕೆ ನಿಂತಾಗ ನನ್ನನ್ನೂ ಕರೆಯಿರಿ, ಹಾಳೆಯ ಖರ್ಚು ನನ್ನದೇ ಇರಲಿ.