ಸಹಾಯ ಬೇಕು: ಬಾದಾಮಿ ಎಲೆ ಗೊಬ್ಬರ ಆಗ್ತಾನೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು. ಮಾಗಿ ಚಳಿ ಶುರುವಾದ್ಮೇಲೆ ಹಿತ್ತಲಿನ ಕಾಡುಬಾದಾಮಿ ಮರ ಎಲೆ ಸುರಿಸ್ತಾನೇ ಇದೆ. ಬೆಳಿಗ್ಗೆ ಗುಡಿಸಿದ್ರೆ ಸಂಜೆಗೆ ಅಂಗಳ ಮತ್ತೆ ಕೆಂಪು. ತೂತು ಕೊರೆದ ಡ್ರಮ್ಮಿಗೆ ತುಂಬಿ ಸಗಣಿ ನೀರು, ಹುಳಿ ಮಜ್ಜಿಗೆ ಹಾಕ್ತಿದ್ದೀನಿ. ತರಕಾರಿ ಸಿಪ್ಪೆ ಕರಗುತ್ತೆ, ಈ ಎಲೆ ಮಾತ್ರ ಚಪ್ಪಲಿ ತೊಗಲಿನ ಥರ ಹಾಗೇ ಇರುತ್ತೆ. ಒಳಗೆ ಕೈ ಇಟ್ರೆ ಬಿಸೀನೂ ಇಲ್ಲ. ಚಳಿಗೆ ಹೀಗಾ, ಇಲ್ಲ ಸಾರಜನಕ ಸಾಲದಾ? ಪಕ್ಕದ್ಮನೆ ಅಜ್ಜ "ಬೆಂಕಿ ಹಚ್ಚಮ್ಮ, ಬೂದಿ ಗಿಡಕ್ಕೆ ಒಳ್ಳೇದು" ಅಂತಾರೆ. ಆ ಹೊಗೆ ಬೇಡವೇ ಬೇಡ. ಎಲೆ ಪುಡಿ ಮಾಡೋ ಮಿಷನ್ ಇಲ್ಲಿ ಬಾಡಿಗೆಗೆ ಸಿಗುತ್ತಾ?

ಇನ್ನೊಂದು. ಗುಲಾಬಿ ಸವರಿ, ತುದಿಗೆ ಬೋರ್ಡೋ ಪೇಸ್ಟ್ (ಶಿಲೀಂಧ್ರ ತಡೆಯೋ ಮೈಲುತುತ್ತ-ಸುಣ್ಣದ ಲೇಪ) ಹಚ್ಚಿದ್ದಾಯ್ತು. ಉಳಿದ ಮುಳ್ಳುಕಡ್ಡಿ ಏನ್ಮಾಡ್ತೀರ? ಕಪ್ಪು ಚುಕ್ಕೆ ರೋಗದ ಎಲೆ ಡ್ರಮ್ಮಿಗೆ ಹಾಕೋಕೆ ನನಗಂತೂ ಧೈರ್ಯ ಇಲ್ಲ.