ಬಿಪಿ ಗುಳಿಗೆ ಬಿಟ್ಟು ಅರ್ಜುನ ತೊಗಟೆ ಕಷಾಯ ಕುಡಿಯಬಹುದಾ?

ದುರ್ಗದಬೈಲ್ ಅಂಗಡಿಯವ:
ನನಗೆ 46. ಹುಬ್ಬಳ್ಳಿ ದುರ್ಗದ ಬೈಲಿನಲ್ಲಿ ಚಿಕ್ಕ ಬಟ್ಟೆ ಅಂಗಡಿ. ಹೋದ ತಿಂಗಳು ಬಿಪಿ 150/96 ಬಂತು, ಡಾಕ್ಟರು ಆಮ್ಲೋಡಿಪಿನ್ 5 ಎಂಜಿ ಬರೆದುಕೊಟ್ಟರು. ಈಗ ನಮ್ಮ ಭಾವ ಒಂದು ಕೆಜಿ ಅರ್ಜುನ ತೊಗಟೆ ಪುಡಿ ತಂದುಕೊಟ್ಟು, ಗುಳಿಗೆ ಹಿಡಿದರೆ ಸಾಯೋತನಕ ಬಿಡಲ್ಲ, ಇದನ್ನು ಕುಡಿ ಅಂತ ಬೆನ್ನು ಬಿದ್ದಿದ್ದಾರೆ. ಸಾಲದ ಚಿಂತೆ ಬೇರೆ, ರಾತ್ರಿ ಎರಡರವರೆಗೆ ನಿದ್ದೆ ಇಲ್ಲ. ಗೋದಾಮಿನ ಮೆಟ್ಟಿಲು ಹತ್ತುವಾಗ ಒಮ್ಮೊಮ್ಮೆ ಎದೆ ಹಿಡಿದ ಹಾಗೆ ಆಗುತ್ತೆ, ಗ್ಯಾಸ್ ಇರಬೇಕು. ಯಾರಾದರೂ ಕುಡಿದು ನೋಡಿದವರಿದ್ದೀರಾ?

ಗದಗಿನವಳು:
ನಮ್ಮಪ್ಪ ಕುಡೀತಾರೆ ಅಣ್ಣಾ. ಮೊದಲು ಹೀಗೇ ಯಾರದೋ ಮಾತು ಕೇಳಿ ಗುಳಿಗೆ ಡಬ್ಬಿ ಎತ್ತಿ ಕಪಾಟಿನ ಮೇಲಿಟ್ಟರು, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೂರು ವಾರಕ್ಕೆ ತಲೆನೋವು, ನೋಡಿದರೆ ಮೇಲಿನದು 190. ಈಗ ಗುಳಿಗೆ, ಕಷಾಯ ಎರಡೂ ನಡೆಯುತ್ತಿದೆ, ಡಾಕ್ಟರಿಗೂ ಗೊತ್ತು. ಅಂದಹಾಗೆ ಅದು ಸಿಕ್ಕಾಪಟ್ಟೆ ಒಗರು, ನಾಲಿಗೆ ದಪ್ಪ ಆದ ಹಾಗಾಗುತ್ತೆ.

ಬಿಎಎಂಎಸ್ ಧಾರವಾಡ:
ಸರ್, ಎದೆ ಹಿಡಿದ ಹಾಗೆ ಅಂತ ಸುಮ್ನೆ ಕೊನೆಗೆ ಸೇರಿಸಿದ್ದೀರಲ್ಲ, ಅದನ್ನೇ ಮೊದಲು ಬರೆಯಬೇಕಿತ್ತು. ಮೆಟ್ಟಿಲು ಹತ್ತಿದಾಗ ಬಂದು ನಿಂತರೆ ಹೋಗುತ್ತಾ? ಹಾಗಿದ್ದರೆ ಗ್ಯಾಸ್ ಅಂತ ನೀವೇ ತೀರ್ಮಾನ ಮಾಡಬೇಡಿ. ನಾಳೆಯೇ ಇಸಿಜಿ ಮಾಡಿಸಿ, ಅದು ಸರಿ ಬಂದರೂ ಹೃದಯದ ಡಾಕ್ಟರಿಗೆ ಈ ಮೆಟ್ಟಿಲಿನ ವಿಷಯ ಹೇಳಿ. ಕೂತಲ್ಲೇ ನೋವು ಬಂದು ಬೆವರಿದರೆ 108ಕ್ಕೆ ಫೋನ್ ಮಾಡಿ, ಕಷಾಯ ಕುದಿಸುತ್ತಾ ನಿಲ್ಲಬೇಡಿ.
ಅರ್ಜುನ ಅಂದ್ರೆ ನಮ್ಮ ಹೊಳೆಮತ್ತಿ. ಆಯುರ್ವೇದದಲ್ಲಿ ಎದೆಗೆ ಹೇಳಿದ ಮರವೇ ಹೌದು, ಆದರೆ ಹಾಲಿನಲ್ಲಿ ಕುದಿಸಿ ಕೊಡುವುದು ಕ್ರಮ: 5 ಗ್ರಾಂ ಪುಡಿಗೆ 40 ಮಿಲಿ ಹಾಲು, 160 ಮಿಲಿ ನೀರು, ನೀರೆಲ್ಲ ಇಂಗಿ ಹಾಲಷ್ಟೇ ಉಳಿಯಬೇಕು. ಗುಳಿಗೆ ಬದಲಿಗೆ ಅಲ್ಲ. ಗುಳಿಗೆ ಜೊತೆ ಸೇರಿ ಬಿಪಿ ಜಾಸ್ತಿ ಇಳಿಯಲೂಬಹುದು, ಅದಕ್ಕೇ ಕೇಳದೆ ಶುರು ಮಾಡಬೇಡಿ. ನಿದ್ದೆಗೆ ಅಂತ ಯಾರಾದರೂ ಸರ್ಪಗಂಧ ಕೊಟ್ಟರೂ ಹುಷಾರು, ಅದರಲ್ಲಿರುವ ರೆಸರ್ಪಿನ್ ಬಿಪಿ ಇಳಿಸುತ್ತೆ, ಮನಸ್ಸನ್ನೂ ಕುಗ್ಗಿಸಬಹುದು. ಕೆಮ್ಮಿಗೆ ತಿನ್ನೋ ಜ್ಯೇಷ್ಠಮಧು ಇದಕ್ಕೆ ಉಲ್ಟಾ, ಜಾಸ್ತಿಯಾದರೆ ಬಿಪಿ ಏರಿಸುತ್ತೆ.

ಉಣಕಲ್ ವಾಕಿಂಗ್:
ನನ್ನ ಕೇಳಿದ್ರೆ ಪುಡಿಗಿಂತ ಮೊದಲು ಊಟದ ಹೊತ್ತು ಬದಲಿಸಿ. ಅಂಗಡಿಯವರದು ಗೊತ್ತಲ್ಲ, ಸಂಜೆ ಗಿರ್ಮಿಟ್ ಮಿರ್ಚಿ, ರಾತ್ರಿ ಹತ್ತೂವರೆಗೆ ಊಟ, ತಾಟಿನ ತುದಿಗೆ ಉಪ್ಪಿನಕಾಯಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕಂತೆ, ಅಂದ್ರೆ ಒಂದು ಟೀ ಚಮಚ, ನಮ್ಮಲ್ಲಿ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತೆ! ಮಲಗೋ ಮುಂಚೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಅಂಗಾಲಿಗೆ ತಿಕ್ಕಿಸಿಕೊಳ್ಳಿ. ನಮ್ಮವ್ವ ಕಂಚಿನ ಬಟ್ಟಲ ತಳದಿಂದ ತಿಕ್ಕುತ್ತಿದ್ದಳು, ಎಣ್ಣೆ ಕಪ್ಪಾಗೋ ಹೊತ್ತಿಗೆ ಅಪ್ಪ ಗೊರಕೆ ಹೊಡೆಯುತ್ತಿದ್ದ. ಸಾಲ ಏನೂ ತೀರಲ್ಲ, ನಿದ್ದೆ ಬರುತ್ತೆ. ಕೆರೆ ಹತ್ತಿರ ವಾಕಿಂಗ್‌ಗೆ ಬನ್ನಿ, ಆದ್ರೆ ಇಸಿಜಿ ಆದ ಮೇಲೆ.

ದುರ್ಗದಬೈಲ್ ಅಂಗಡಿಯವ:
ನಿಂತರೆ ಹೋಗುತ್ತೆ ಸರ್. ಈಗ ಹೆದರಿಕೆ ಶುರುವಾಯ್ತು. ಬೆಳಿಗ್ಗೆ ಅಂಗಡಿ ತೆರೆಯಲ್ಲ, ಮೊದಲು ಆಸ್ಪತ್ರೆ. ನಾಲ್ಕು ದಿನದಿಂದ ಗುಳಿಗೆ ನುಂಗಿಲ್ಲ, ಅದನ್ನೂ ಡಾಕ್ಟರಿಗೆ ಹೇಳ್ತೀನಿ. ಭಾವನವರಿಗೆ ಏನು ಹೇಳೋದು ಅನ್ನೋದೇ ಗೊತ್ತಾಗ್ತಿಲ್ಲ, ಒಂದು ಕೆಜಿ ಪುಡಿ ಇದೆಯಲ್ಲ.