ಕಂಚಿನ ಮೂರ್ತಿಯ ಫಾರ್ವರ್ಡು, ಕಾಲುದೀಪದ ಜಗಳ

ಚಿಕ್ಕಮ್ಮ: (ಫೋಟೋ ಸಮೇತ ಫಾರ್ವರ್ಡ್) ನೋಡಿ ಕಾಲ ಎಲ್ಲಿಗೆ ಬಂತು!! ಅಮೆರಿಕದಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದವನೊಬ್ಬ ಕಣ್ಣು ಮುಚ್ಚಿಕೊಂಡು ಮೆತ್ತಿದ ಮಣ್ಣಿನ ಮುದ್ದೆ. ಅದಕ್ಕೆ ಕಂಚು ಸುರಿದು ಹರಾಜಿನಲ್ಲಿ 2000 ಕೋಟಿಗೆ ಮಾರಿದ್ದಾರೆ! ಪ್ರಪಂಚದಲ್ಲೇ ಅತಿ ದುಬಾರಿ ಮೂರ್ತಿ. ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ನಮ್ಮ ಹುಡುಗ ಆರ್ಟ್ ಕಾಲೇಜಿಗೇ ಸೇರುತ್ತೇನೆ ಅಂತ ಹಟ ಹಿಡಿದು ಕೂತಿದ್ದಾನೆ. ಇದನ್ನು ನೋಡಿ ಇನ್ನೂ ಹೆದರಿಕೆ ಆಯಿತು.

ದೊಡ್ಡಪ್ಪ: ಹೆದರಿಕೆ ಆಗಬೇಕಾದದ್ದೇ. ಕಲೆ ಅಂದರೆ ನೋಡಿದ ಕೂಡಲೇ ಕೈ ಮುಗಿಯೋಣ ಅನ್ನಿಸಬೇಕು. ಕಾರ್ಕಳದ ಗೊಮ್ಮಟ 1432ರಿಂದ ನಿಂತಿದ್ದಾನೆ, ಅವನಿಗೆ ಯಾರಾದರೂ ಬೆಲೆ ಕಟ್ಟಿದರಾ? ದುಡ್ಡು ಜಾಸ್ತಿಯಾದಾಗ ಜನರಿಗೆ ಕಣ್ಣು ಕಾಣಿಸುವುದಿಲ್ಲ.

ಬೆಂಗಳೂರು ಭಾವ: ಮೂಲ ಎಲ್ಲಿ? ಯಾರ ಮೂರ್ತಿ, ಯಾವ ಹರಾಜು, ಯಾವ ವರ್ಷ? ಒಂದೂ ಇಲ್ಲವಲ್ಲ.

ಚಿಕ್ಕಮ್ಮ: ನಮ್ಮ ಮಹಿಳಾ ಮಂಡಲದ ಗುಂಪಿನಲ್ಲಿ ಬಂತು.

ಬೆಂಗಳೂರು ಭಾವ: ಅದು ಮೂಲ ಅಲ್ಲ. ಹೋದ ವರ್ಷ ಪಪ್ಪಾಯಿ ಎಲೆಯ ವಿಷಯವೂ ಅಲ್ಲಿಂದಲೇ ಬಂದಿತ್ತು.

ಚಿಕ್ಕಮ್ಮ: ಅದನ್ನು ಈಗ ಯಾಕೆ ಎತ್ತುತ್ತೀರಿ? ಒಂದು ಸಲ ಏನೋ ಕಳಿಸಿದೆ ಅಂತ ಎಷ್ಟು ಸಲ ಕೇಳಬೇಕು ನಾನು?

ನಾನು: ಚಿಕ್ಕಮ್ಮ, ಭಾವ, ಸ್ವಲ್ಪ ನಿಲ್ಲಿ. ಫೋಟೋದಲ್ಲಿರುವುದು ಪೇಂಟರ್ ವಿಲೆಮ್ ಡಿ ಕೂನಿಂಗ್ ಮಾಡಿದ 'ಕ್ಲ್ಯಾಮ್‌ಡಿಗರ್', 1972ರದ್ದು. ಸುಮಾರು 5 ಅಡಿ ಎತ್ತರ. ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 2014ರ ನವೆಂಬರ್‌ನಲ್ಲಿ ಮಾರಾಟವಾಯಿತು, 2.93 ಕೋಟಿ ಡಾಲರಿಗೆ. ಆಗಿನ ಲೆಕ್ಕದಲ್ಲಿ ಸುಮಾರು 180 ಕೋಟಿ ರೂಪಾಯಿ. 2000 ಕೋಟಿ ಅಲ್ಲವೇ ಅಲ್ಲ. ಆ ಅಂಕಿ ಇವನದೇ ಒಂದು ಪೇಂಟಿಂಗಿನದ್ದು ಇರಬೇಕು. 'ಇಂಟರ್‌ಚೇಂಜ್' ಅಂತ, 2015ರಲ್ಲಿ ಖಾಸಗಿಯಾಗಿ 30 ಕೋಟಿ ಡಾಲರ್‌ವರೆಗೆ ಹೋಯಿತು ಅಂತ ಪತ್ರಿಕೆಗಳು ಬರೆದವು, ಅದು ಹರಾಜೇ ಅಲ್ಲ. ಅತಿ ದುಬಾರಿ ಮೂರ್ತಿ ಅನ್ನುವುದೂ ಸುಳ್ಳು. ಶಿಲ್ಪಿ ಜಿಯಾಕೊಮೆಟ್ಟಿಯ 'ಬೆರಳು ತೋರಿಸುವ ಮನುಷ್ಯ' ಅನ್ನುವ ಮೂರ್ತಿ 2015ರಲ್ಲಿ 14 ಕೋಟಿ ಡಾಲರ್ ದಾಟಿತು.

ಬೆಂಗಳೂರು ಭಾವ: ನೋಡಿದಿರಾ? ಮೂರು ಸಾಲಿನಲ್ಲಿ ಮೂರು ತಪ್ಪು.

ನಾನು: ಒಂದು ಮಾತು ನಿಜ ಭಾವ. ಅವನು ಗೋಡೆಗೆ ಬಣ್ಣ ಬಳಿಯುತ್ತಿದ್ದ. ರಾಟರ್‌ಡ್ಯಾಮಿನ ಹುಡುಗ, 1926ರಲ್ಲಿ ಹಡಗಿನಲ್ಲಿ ಕದ್ದು ಕೂತು ಅಮೆರಿಕ ಸೇರಿದ. ಹೊಬೊಕೆನ್‌ನಲ್ಲಿ ಮನೆಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದ.

ಜರ್ಸಿ ಅಣ್ಣ: ಹೊಬೊಕೆನ್ನಾ! ನನ್ನ ಮನೆಯಿಂದ ಅರ್ಧ ಗಂಟೆ. ಅದಿರಲಿ, ಕ್ಲ್ಯಾಮ್ ಅಂದರೆ ನಮ್ಮ ಮರುವಾಯಿ, ಹೊಳೆಯ ಚಿಪ್ಪಿ ತಾನೇ? ನೆನಪಿದೆಯಾ, ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ಕಾಲಬೆರಳಿನಲ್ಲೇ ತಡಕಿ, ಸಿಕ್ಕಿದ್ದನ್ನು ಬಗ್ಗಿ ಎತ್ತಿ ಸೊಂಟಕ್ಕೆ ಕಟ್ಟಿದ ಬುಟ್ಟಿಗೆ ಹಾಕುತ್ತಿದ್ದೆವು. ಅತ್ತೆ ಅದಕ್ಕೆ ತೆಂಗಿನಕಾಯಿ ಹಾಕಿ ಸುಕ್ಕ ಮಾಡುತ್ತಿದ್ದರು. ಇಲ್ಲಿ ಫ್ರೋಜನ್ ತಂದು ಮಾಡಿದೆ, ರುಚಿಯೇ ಇಲ್ಲ.

ಉಡುಪಿ ಅತ್ತೆ: ಎರಡು ಸಲ ನೀರು ಬದಲಿಸಿ ಮರಳು ಬಿಡಿಸಬೇಕು. ನೀನು ಅದನ್ನು ಮಾಡಿರಲ್ಲ.

ನಾನು: ಅಣ್ಣ, ಈ ಮೂರ್ತಿಯೂ ಅದೇ ನೋಡು. ಲಾಂಗ್ ಐಲೆಂಡಿನ ಕಡಲ ಬದಿಯಲ್ಲಿ ಮರುವಾಯಿ ಅಗೆಯುವ ಮನುಷ್ಯ. ಡಿ ಕೂನಿಂಗ್ ಈಸ್ಟ್ ಹ್ಯಾಂಪ್ಟನ್ ಹತ್ತಿರ ಸ್ಪ್ರಿಂಗ್ಸ್‌ನಲ್ಲಿ ಇದ್ದ, ಅಂಥವರನ್ನು ದಿನಾ ನೋಡುತ್ತಿದ್ದ. ಫೋಟೋ ದೊಡ್ಡದು ಮಾಡಿ ಕಾಲು ನೋಡಿ. ಪಾದ ಎಲ್ಲಿ ಮುಗಿಯುತ್ತದೆ, ಕೆಸರು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಮೈ ಪೂರ್ತಿ ಬೆರಳು ಒತ್ತಿದ ಗುಂಡಿ, ಎಳೆದ ಗೀರು. ಅವನು ಬಣ್ಣದಲ್ಲಿ ಹೇಗೆ ಕುಂಚ ಎಳೆಯುತ್ತಿದ್ದನೋ ಹಾಗೇ ಮಣ್ಣನ್ನು ಎಳೆದಿದ್ದಾನೆ. ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡು ಮಣ್ಣು ಮೆತ್ತುತ್ತಿದ್ದ, ಒತ್ತಿದ ಗುರುತು ದಪ್ಪಗೆ ಬೀಳಲಿ ಅಂತ. ಕೆಲವೊಮ್ಮೆ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದದ್ದೂ ಹೌದು, ಆದರೆ ಅದು ಹುಡುಗಾಟ ಅಲ್ಲ. ಕಣ್ಣು ಒಳ್ಳೆಯ ಆಕಾರಕ್ಕೆ ಒಗ್ಗಿಹೋಗಿರುತ್ತದೆ, ಕೈಗೆ ಬೇರೆ ಏನೋ ಗೊತ್ತಿರುತ್ತದೆ. ನನ್ನ ವಿದ್ಯಾರ್ಥಿಗಳಿಗೂ ನಾನು ಇದನ್ನು ಮಾಡಿಸುತ್ತೇನೆ.

ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರೆ ಮಗಳೇ. 180 ಕೋಟಿಯೂ ಜಾಸ್ತಿಯೇ. ಕಂಚಿಗೆ ಕೆಜಿಗೆ ಎಷ್ಟು? ಅದನ್ನು ಲೆಕ್ಕ ಹಾಕು.

ಬೆಂಗಳೂರು ಭಾವ: ನನ್ನದು ಬೇರೆ ಪ್ರಶ್ನೆ. ಕಂಚು ಹೊಯ್ಯುವ ಅಚ್ಚು ಇದೆ ಅಂದಮೇಲೆ ಇನ್ನೊಂದು ಹೊಯ್ಯಬಹುದಲ್ಲ? ಹಾಗಾದರೆ ಯಾವುದು ಅಸಲಿ?

ನಾನು: ಒಳ್ಳೆ ಪ್ರಶ್ನೆ. ಮಣ್ಣಿನದ್ದಕ್ಕೆ ಅಚ್ಚು ತೆಗೆದು, ಅದರಿಂದ ಮೇಣದ ಪ್ರತಿ ಮಾಡಿ, ಅದರ ಸುತ್ತ ಮತ್ತೆ ಅಚ್ಚು ಕಟ್ಟಿ, ಬಿಸಿ ಮಾಡಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಕಂಚು ಹೊಯ್ಯುವುದು ಹಳೆಯ ಪದ್ಧತಿ. ಎಷ್ಟು ಪ್ರತಿ ಅಂತ ಮೊದಲೇ ನಿಗದಿ ಮಾಡಿ ನಂಬರ್ ಹಾಕುತ್ತಾರೆ. ಎಲ್ಲವೂ ಅಸಲಿಯೇ. 'ಕ್ಲ್ಯಾಮ್‌ಡಿಗರ್'ನ ಒಂದು ಪ್ರತಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ. ಹರಾಜಿಗೆ ಬಂದದ್ದು ಕಲಾವಿದನ ಮನೆಯವರ ಬಳಿಯೇ ಇದ್ದದ್ದು, ಅವನ ಸ್ಟುಡಿಯೋದ ಬಾಗಿಲ ಬಳಿ ನಿಂತಿದ್ದದ್ದು. ಯಾರ ಮನೆಯಲ್ಲಿತ್ತು, ಯಾರಿಂದ ಯಾರಿಗೆ ಬಂತು ಅನ್ನುವುದಕ್ಕೂ ಹರಾಜಿನಲ್ಲಿ ಬೆಲೆ ಇದೆ. ಬರೀ ತೂಕಕ್ಕೆ ಅಲ್ಲ ದೊಡ್ಡಪ್ಪ.

ಉಡುಪಿ ಅತ್ತೆ: ಹೇಳು, ಅವನಿಗೆ ಚೆನ್ನಾಗಿ ಹೇಳು. ನಮ್ಮ ಅಣ್ಣನಿಗೆ ಕಂಚು ಅಂದರೆ ಕೆಜಿ ಮಾತ್ರ. ಹಳೇ ಮನೆಯ ಕಾಲುದೀಪವನ್ನು ಗುಜರಿಯವನಿಗೆ ಕೊಟ್ಟದ್ದು ಯಾರು?

ದೊಡ್ಡಪ್ಪ: ಶುರುವಾಯಿತು. ಮನೆ ಪಾಲಾಗುವಾಗ ಯಾರಿಗೂ ಅದು ಬೇಡವಾಗಿತ್ತು. ತಳ ಬಿರುಕು ಬಿಟ್ಟಿತ್ತು, ಎಣ್ಣೆ ಸೋರುತ್ತಿತ್ತು.

ಉಡುಪಿ ಅತ್ತೆ: ಬೇಡ ಅಂತ ಹೇಳಿದವರು ಯಾರು? ನನ್ನನ್ನು ಕೇಳಿದ್ದೀಯಾ? ಹೆಣ್ಣುಮಕ್ಕಳನ್ನು ಕೇಳುವ ಕ್ರಮ ಆಗಲೂ ಇರಲಿಲ್ಲ. ಅದರ ತಳದಲ್ಲಿ ಅಜ್ಜಿಯ ಹೆಸರು ಕೊರೆದಿತ್ತು. ಅಕ್ಷರ ಸೊಟ್ಟ ಇತ್ತು, ಆದರೂ ಅಜ್ಜಿಯದ್ದೇ ಹೆಸರು. ಸಣ್ಣವಳಿರುವಾಗ ದೀಪ ತೊಳೆಯುವ ಕೆಲಸ ನನ್ನದು, ಬೆರಳು ಹಾಕಿ ಆ ಅಕ್ಷರ ಓದುತ್ತಿದ್ದೆ.

ಜರ್ಸಿ ಅಣ್ಣ: ಅಪ್ಪ, ನೀವು ನನಗೆ ಅದು ಕಳವಾಯಿತು ಅಂದಿದ್ದಿರಿ.

ದೊಡ್ಡಪ್ಪ: ನೀನು ಅಮೆರಿಕಕ್ಕೆ ಹೋಗುವ ಗಡಿಬಿಡಿಯಲ್ಲಿದ್ದೆ. ಫೀಸಿಗೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ದೀಯಾ?

ಜರ್ಸಿ ಅಣ್ಣ: ಒಂದು ದೀಪದಿಂದ ಫೀಸು ಕಟ್ಟಿದಿರಾ?

ದೊಡ್ಡಪ್ಪ: ಒಂದರಿಂದ ಅಲ್ಲ. ಪಾತ್ರೆಗಳೂ ಹೋದವು. ದೊಡ್ಡವರನ್ನು ಗುಂಪಿನಲ್ಲಿ ಹೀಗೆ ಪ್ರಶ್ನೆ ಮಾಡುವುದು ಸಂಸ್ಕಾರ ಅಲ್ಲ.

ಚಿಕ್ಕಮ್ಮ: ಎಲ್ಲಾ ನನ್ನಿಂದ ಆಯಿತು. ಡಿಲೀಟ್ ಮಾಡುತ್ತೇನೆ.

ನಾನು: ಡಿಲೀಟ್ ಮಾಡಬೇಡಿ ಚಿಕ್ಕಮ್ಮ. ಹುಡುಗನಿಗೂ ಆ ಫೋಟೋ ತೋರಿಸಿ, ಆದರೆ ಆ ಬರಹ ತೆಗೆದು. 180 ಕೋಟಿ ಸಿಗುತ್ತದೆ ಅಂತ ಯಾರೂ ಆರ್ಟ್ ಕಾಲೇಜಿಗೆ ಹೋಗುವುದಿಲ್ಲ. ಡಿ ಕೂನಿಂಗ್ ಮೂರ್ತಿ ಶುರು ಮಾಡಿದ್ದೇ 1969ರಲ್ಲಿ, ರೋಮ್‌ನಲ್ಲಿ, ಗೆಳೆಯನೊಬ್ಬನ ಕಂಚು ಎರಕ ಹೊಯ್ಯುವ ಕಾರ್ಖಾನೆಯಲ್ಲಿ. ಆಗ ವಯಸ್ಸು 65. ಪೇಂಟರ್ ಅಂತ ಹೆಸರಾದ ಮೇಲೆ ಅಷ್ಟು ತಡವಾಗಿ ಹೊಸ ಕೆಲಸಕ್ಕೆ ಕೈ ಹಾಕಿದ. ಅಂಗೈಯಗಲದ ಬೊಂಬೆಗಳನ್ನು ಮಾಡಿದ. ಅವನ್ನು ನೋಡಿ ದೊಡ್ಡದಾಗಿ ಮಾಡು ಅಂದವರು ಶಿಲ್ಪಿ ಹೆನ್ರಿ ಮೂರ್. ನಿಮ್ಮ ಮಗನಿಗೆ ಕೈಕೆಲಸ ಚೆನ್ನಾಗಿದೆ, ನಾನೇ ನೋಡಿದ್ದೇನೆ. ಅವನನ್ನು ತಡೆಯಬೇಡಿ.

ಬೆಂಗಳೂರು ಭಾವ: 65ರಲ್ಲಿ? ಇದಕ್ಕೆ ಲಿಂಕ್ ಇದ್ದರೆ ಹಾಕಿ.

ಚಿಕ್ಕಮ್ಮ: ಅತ್ತಿಗೆ, ಒಂದು ವಿಷಯ. ಕಾಲುದೀಪ ಜೋಡಿ ಇತ್ತಲ್ಲ, ಇನ್ನೊಂದು ನಮ್ಮ ಮನೆಯಲ್ಲಿದೆ. ಪಾಲಾದಾಗ ನಮ್ಮವರು ತಂದಿಟ್ಟರು. ತಳದಲ್ಲಿ ಏನೋ ಕೊರೆದಿದೆ, ನಾನು ಓದಿಲ್ಲ.

ಉಡುಪಿ ಅತ್ತೆ: ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?

ಚಿಕ್ಕಮ್ಮ: ನೀವು ಕೇಳಲಿಲ್ಲ. ಬಂದಾಗೆಲ್ಲ ದೊಡ್ಡ ಭಾವನ ಮೇಲೆಯೇ ಸಿಟ್ಟು ಮಾಡಿಕೊಂಡು ಹೋಗುತ್ತಿದ್ದಿರಿ. ನಾಳೆ ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೋ ಕಳಿಸುತ್ತೇನೆ.

ನಾನು: ತಿಕ್ಕಬೇಡಿ ಚಿಕ್ಕಮ್ಮ! ಹಳೇ ಕಂಚಿನ ಮೇಲಿನ ಕಪ್ಪು ಹಾಗೇ ಇರಲಿ. ಒಣ ಬಟ್ಟೆಯಲ್ಲಿ ಒರೆಸಿ ಸಾಕು.

ಉಡುಪಿ ಅತ್ತೆ: ಫೋಟೋ ಬೇಡ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಣ್ಣ, ನೀನೂ ಬಾ.